ಸಮುದ್ರ ಎಡಕ್ಕಿರಲಿ

ಓದುಗರ ಪ್ರಶ್ನೆ – ಉತ್ತರ: ಈ ಸಲ ಕರಾವಳಿಯ ಕಾರು ಪ್ರವಾಸ

ಪ್ರಶ್ನೆ: ನಾಲ್ಕು ದಿನ ರಜೆ ಇದೆ. ಎಪ್ಪತ್ತು ದಾಟಿದ ಅಮ್ಮನೂ ಜೊತೆಗೆ ಬರುತ್ತಾರೆ. ಮಂಗಳೂರಿನಿಂದ ಕಾರವಾರದ ಕಡೆಗೆ ಹೋಗುವುದು ಒಳ್ಳೆಯದೋ, ಕಾರವಾರದಿಂದ ಇಳಿದು ಬರುವುದೋ?
– ಬಸವನಗುಡಿಯ ಓದುಗರು

ಉತ್ತರ: ಮಂಗಳೂರಿನಿಂದ ಉತ್ತರಕ್ಕೆ ಹೋಗಿ. ನಮ್ಮಲ್ಲಿ ಗಾಡಿ ಎಡಬದಿಯಲ್ಲಿ ಓಡುತ್ತದೆ, ಉತ್ತರಕ್ಕೆ ಹೊರಟರೆ ಅರಬ್ಬೀ ಸಮುದ್ರವೂ ಎಡಕ್ಕೇ ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಬಹುಪಾಲು ಚತುಷ್ಪಥ. ಎದುರು ದಿಕ್ಕಿನಿಂದ ಬಂದವರು ಪ್ರತಿ ಬೀಚಿಗೂ ಯೂ-ಟರ್ನ್ ಹುಡುಕಬೇಕು, ಇಲ್ಲವೇ ಲಾರಿಗಳ ನಡುವೆ ಅಮ್ಮನನ್ನು ರಸ್ತೆ ದಾಟಿಸಬೇಕು.

ಆದರೆ ಹೆದ್ದಾರಿ ಹಿಡಿದೇ ಹೋದರೆ ಸಮುದ್ರ ಕಾಣುವುದು ಕಡಿಮೆ. ಕುಂದಾಪುರ ದಾಟಿದ ಮೇಲೆ ಮರವಂತೆಯಲ್ಲಿ ಕಾಣುತ್ತದೆ: ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ. ಮತ್ತೆ ಕಾರವಾರದ ಹತ್ತಿರ ಕಾಣುತ್ತದೆ. ಉಳಿದಂತೆ ಫ್ಲೈಓವರ್, ಸರ್ವಿಸ್ ರಸ್ತೆ. ಹಾಗಾಗಿ ಕಾಪುವಿನಲ್ಲಿ ಹೆದ್ದಾರಿ ಬಿಡಿ. 1901ರ ದೀಪಸ್ತಂಭ ನೋಡಿಕೊಂಡು ಕೈಪುಂಜಾಲು, ಮಟ್ಟು, ಪಡುಕೆರೆ ಮೇಲೆ ಮಲ್ಪೆಗೆ ಹೋಗುವ ಒಳದಾರಿ ಹಿಡಿಯಿರಿ. ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಉದ್ಯಾವರ ಹೊಳೆ, ನಡುವೆ ತೆಂಗಿನ ಮರಗಳಡಿ ಮನೆಗಳು, ಅಲ್ಲಲ್ಲಿ ಒಣಗಲು ಹರವಿದ ಬಲೆ. ರಸ್ತೆ ಇಕ್ಕಟ್ಟು. ಎದುರಿಗೆ ಮೀನಿನ ಟೆಂಪೊ ಬಂದರೆ ಒಬ್ಬರು ಯಾರದೋ ಗೇಟಿನ ಬಾಯಿಗೆ ಸರಿಯಲೇಬೇಕು. ಹಾರ್ನ್ ಬಾರಿಸಬೇಡಿ, ಅದು ಅವರ ಅಂಗಳ.

ಮೊದಲ ದಿನ ನೆಲಮಂಗಲ, ಹಾಸನ, ಶಿರಾಡಿ ಮೂಲಕ ಮಂಗಳೂರು, ಸುಮಾರು 350 ಕಿ.ಮೀ. ಬೆಳಿಗ್ಗೆ ಐದೂವರೆಯೊಳಗೆ ನೆಲಮಂಗಲ ದಾಟಿದರೆ ಘಾಟಿಯನ್ನು ಹಗಲಿನಲ್ಲೇ ಇಳಿಯಬಹುದು. ಎರಡನೆಯ ದಿನ ಕಾಪು, ಮಲ್ಪೆ, ಉಡುಪಿ, ರಾತ್ರಿ ಕುಂದಾಪುರ. ಮೂರನೆಯ ದಿನ ಮರವಂತೆ, ಮುರ್ಡೇಶ್ವರ, ಅಪ್ಸರಕೊಂಡ, ರಾತ್ರಿ ಹೊನ್ನಾವರ. ನಾಲ್ಕನೆಯ ದಿನ ಗೇರುಸೊಪ್ಪೆ ಘಾಟಿ ಹತ್ತಿ ಸಾಗರ, ಶಿವಮೊಗ್ಗ, ತುಮಕೂರು. ಗೋಕರ್ಣ, ಕಾರವಾರ ಬೇಕೆಂದರೆ ಐದನೆಯ ದಿನ ಬೇಕು. ನಾಲ್ಕರಲ್ಲೇ ತುರುಕಿದರೆ ಅಮ್ಮ ನೋಡುವುದು ಬರೀ ಕಾರಿನ ಡ್ಯಾಶ್‌ಬೋರ್ಡು.

ಪ್ರಶ್ನೆ: ಕಳೆದ ಸಲ ಆಗುಂಬೆ ಇಳಿಯುವಾಗ ಸುಟ್ಟ ವಾಸನೆ ಬಂತು. ಸೋಮೇಶ್ವರ ಮುಟ್ಟುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ಪ್ಯಾಡ್ ಚೆನ್ನಾಗಿದೆ ಎನ್ನುತ್ತಾರೆ ಗ್ಯಾರೇಜಿನವರು. ಹಾಗಾದರೆ ಕಾರಣವೇನು?
– ಯಲಹಂಕದ ಓದುಗರು

ಉತ್ತರ: ಪ್ಯಾಡ್ ಮಾತ್ರ ಕಾದಿದ್ದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಯಿತೆಂದರೆ ಬ್ರೇಕ್ ಆಯಿಲ್ ಕುದಿದಿದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ತೇವ ಹೀರಿದ ಆಯಿಲಿಗೆ ಮಾನದಂಡವೇ 155 ಡಿಗ್ರಿ. ಕುದಿದಾಗ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ನೀವು ಒತ್ತಿದ್ದೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಮೇಲಿನಿಂದ ತುಂಬಿಸಿದರೆ ಸಾಲದು, ನಾಲ್ಕೂ ಚಕ್ರಗಳಲ್ಲಿ ಬ್ಲೀಡ್ ಮಾಡಿಸಿ ಹಳೆಯದನ್ನು ಪೂರ್ತಿ ತೆಗೆಸಬೇಕು.

ಇಳಿಯುವ ರೀತಿಯೂ ಮುಖ್ಯ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಗುಂಬೆಯ 14 ತಿರುವುಗಳಿಗೆ ಎರಡನೆಯ ಗೇರು, ತೀರಾ ಕಡಿದಾದಲ್ಲಿ ಒಂದನೆಯದು. ಆಟೋಮ್ಯಾಟಿಕ್ ಆದರೆ ‘ಎಲ್’ ಅಥವಾ ಮ್ಯಾನುವಲ್ ಮೋಡ್. ಪೆಡಲ್ ಮೇಲೆ ಕಾಲಿಟ್ಟೇ ಕೂರಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸುವ ಲೆಕ್ಕವಂತೂ ತಲೆಕೆಳಗು: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಕುಡಿಯುತ್ತಲೇ ಇರುತ್ತವೆ. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ಗೇರಿಗೆ ಹಾಕಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಬಿಡಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಡೊಂಕಾಗಬಹುದು. ಹೊರಡುವಾಗ ಆ ಕಲ್ಲನ್ನು ಪಕ್ಕಕ್ಕೆ ಎತ್ತಿಹಾಕಿ. ಹಿಂದೆ ಬರುವ ಬೈಕಿನವರ ಪ್ರಾಣಕ್ಕೆ ಅದು ಸಾಕು.

ಎಲೆಕ್ಟ್ರಿಕ್ ಕಾರಿನವರಿಗೆ: ಘಾಟಿಯ ತಲೆಯಲ್ಲಿ ಬ್ಯಾಟರಿ ನೂರಕ್ಕೆ ನೂರು ತುಂಬಿಸಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನಲ್ಲಿ ಮೋಟಾರು ಹುಟ್ಟಿಸುವ ವಿದ್ಯುತ್ತು ಹಿಡಿಸುವುದಿಲ್ಲ, ಹಾಗೆ ವಿದ್ಯುತ್ತು ಹುಟ್ಟಿಸುತ್ತಲೇ ವೇಗ ತಗ್ಗಿಸುವ ರೀಜನ್ ಬ್ರೇಕ್ ಸಿಗುವುದಿಲ್ಲ.

ಪ್ರಶ್ನೆ: ಈಜು ಬರುತ್ತದೆ. ಎಲ್ಲಿ ನೀರಿಗಿಳಿಯಬಹುದು?
– ವಿಜಯನಗರದ ಓದುಗರು

ಉತ್ತರ: ಕೊಳದ ಈಜನ್ನು ನಂಬಿ ಮರವಂತೆಯಲ್ಲಿ ಇಳಿಯಬೇಡಿ. ತಡೆಗೆ ಹಾಕಿರುವ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಬೀಚಿನ ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ವಾಸಿ. ಅಲ್ಲೂ ಜೀವರಕ್ಷಕರು ತೋರಿಸಿದ ಗೆರೆಯೊಳಗೇ ಇರಿ. ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುವವರೇ ಹೆಚ್ಚು. ದಡಕ್ಕೆ ಬಂದ ನೀರು ರಭಸವಾಗಿ ಹಿಂದಿರುಗುವ ದಾರಿ ಅದು. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ತಿರುಗಿ. ಸುಸ್ತಾದರೆ ಅಂಗಾತ ತೇಲುತ್ತ ಕೈ ಎತ್ತಿ.

ಪ್ರಶ್ನೆ: ಜುಲೈ ಮಳೆಯಲ್ಲಿ ಹೋಗಬಹುದೇ?
– ಮಲ್ಲೇಶ್ವರದ ಓದುಗರು

ಉತ್ತರ: ಹಸಿರು ನೋಡುವುದಕ್ಕೆ ಹೋಗಬಹುದು. ಕಡಲಿಗಾಗಿ ಆದರೆ ಬೇಡ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇರುವುದಿಲ್ಲ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ತಾಜಾ ಮೀನೂ ಕಡಿಮೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ. (ಟೋಲ್ ಇರುವ ಬೈಂದೂರಿನ ಶಿರೂರು ಬೇರೆ.) ಗುಡ್ಡ ಕಡಿದು ರಸ್ತೆ ಮಾಡಿದ ಜಾಗದಲ್ಲಿ, ಚಹಾದಂಗಡಿ ಎಷ್ಟೇ ಚೆನ್ನಾಗಿರಲಿ, ಮಳೆಯಲ್ಲಿ ಗಾಡಿ ನಿಲ್ಲಿಸಬೇಡಿ. ಶಿರಾಡಿ, ಚಾರ್ಮಾಡಿಗಳ ಸಂಚಾರದ ಆದೇಶ ಮಳೆಗಾಲದಲ್ಲಿ ಬದಲಾಗುತ್ತಲೇ ಇರುತ್ತದೆ, ಹೊರಡುವ ಹಿಂದಿನ ರಾತ್ರಿ ನೋಡಿಕೊಳ್ಳಿ.

ಪ್ರಶ್ನೆ: ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಾಡಿಗೆ ಕಾರಿಗೂ ಸಿಗುತ್ತದೆಯೇ?
– ಜಯನಗರದ ಓದುಗರು

ಉತ್ತರ: ಇಲ್ಲ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಆ ಪಾಸ್ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಮಂಗಳೂರಿನಿಂದ ಹೊನ್ನಾವರದವರೆಗೆ ಹೆಜಮಾಡಿ, ಸಾಸ್ತಾನ, ಶಿರೂರು ದಾಟುವುದರಲ್ಲೇ ಮೂರು ಟ್ರಿಪ್ ಮುಗಿಯುತ್ತದೆ. ನೀವೇ ಓಡಿಸುವ ಬಾಡಿಗೆ ಕಾರಾದರೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದೆಯೇ ನೋಡಿ. ಬಿಳಿ ಪ್ಲೇಟಿನ ಕಾರನ್ನು ಬಾಡಿಗೆಗೆ ಕೊಡುವುದೇ ಕಾನೂನುಬಾಹಿರ, ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು.