ಒಂದು ಗ್ರಾಂ ಎಲ್ಲಿ ಹೋಯ್ತು ಅಂತ ಕೇಳಿದ್ದ ಹುಡುಗ

ಶಿವಮೊಗ್ಗದಲ್ಲಿ ಜುಲೈ ತಿಂಗಳು ಬಂತು ಅಂದ್ರೆ ನನ್ನ ಹತ್ರ ಆಪ್ತಸಲಹೆಗೆ ಬರೋರಲ್ಲಿ ಫಸ್ಟ್ ಪಿಯು ಮಕ್ಕಳೇ ಜಾಸ್ತಿ. ಎಸ್ಸೆಲ್ಸಿವರೆಗೂ ಊರಲ್ಲಿ ಕನ್ನಡ ಮೀಡಿಯಂನಲ್ಲಿ ಓದಿ, ಒಳ್ಳೆ ಮಾರ್ಕ್ಸ್ ತೆಗ್ದು, ಸೈನ್ಸ್ ತಗೊಂಡು ಇಲ್ಲಿ ಹಾಸ್ಟೆಲ್ ಸೇರಿರ್ತಾರೆ, ಒಂದು ತಿಂಗಳಲ್ಲೇ ಮುಖ ಬಾಡಿ ಹೋಗಿರುತ್ತೆ. ಇದು ಅಂಥ ಒಬ್ಬ ಹುಡುಗನ ವಿಷಯ. ತಾಯಿ ಮಗ ಇಬ್ರನ್ನೂ ಕೇಳೇ ಬರೀತಿದೀನಿ, ಗುರುತು ಸಿಗೋ ವಿವರ ಒಂದಷ್ಟು ಬದಲಾಯಿಸಿದೀನಿ.

ತೀರ್ಥಹಳ್ಳಿ ಕಡೆಯವರು, ಸ್ವಲ್ಪ ಅಡಿಕೆ ತೋಟ ಇದೆ. ಜೋರು ಮಳೆಲಿ ಬೆಳಗಿನ ಬಸ್ಸಿಗೆ ಬಂದಿದ್ರು. ಕೂತ ತಕ್ಷಣ ತಾಯಿ ಶುರು ಮಾಡಿದ್ರು, "ಎಂತ ಮಾಡೋದು ಮೇಡಂ, ಬುಧವಾರ ಬಂದ್ರೆ ಸಾಕು ಹೊಟ್ಟೆನೋವು ಅಂತಾನೆ, ವಾಂತಿನೂ ಆಗುತ್ತೆ, ಸ್ಕ್ಯಾನಿಂಗ್ ಮಾಡಿಸಿದ್ರೆ ಎಂತದೂ ಇಲ್ಲ ಅಂದ್ರು ಡಾಕ್ಟ್ರು. ಕೆಮಿಸ್ಟ್ರಿ ಟೆಸ್ಟ್ ಇರೋದು ಬುಧವಾರನೇ. ಅವರಪ್ಪಯ್ಯ ಕಾಮರ್ಸಿಗೆ ಹಾಕ್ಬಿಡಣ ಅಂತಿದಾರೆ, ಇವನಿಗೆ ತಲೆಗೆ ಹತ್ತಲ್ಲ ಅಂತ ಕಾಣುತ್ತೆ." ಹುಡುಗ ನೆಲ ನೋಡ್ತಾ ಕೂತಿದ್ದ.

ತಾಯಿನ ಹೊರಗೆ ಕೂರಿಸಿ ಅವನೊಬ್ಬನ ಹತ್ರ ಮಾತಾಡಿದೆ. ನಿದ್ದೆ, ಊಟ, ಹಾಸ್ಟೆಲಲ್ಲಿ ಯಾರಾದ್ರೂ ಕಾಟ ಕೊಡ್ತಾರಾ, ಬದುಕೋದೇ ಬೇಡ ಅಂತ ಯಾವತ್ತಾದ್ರೂ ಅನ್ಸಿದ್ಯಾ, ಎಲ್ಲಾ ಕೇಳಿದೆ. ಈ ಕೊನೇ ಪ್ರಶ್ನೆ ಕೇಳೋಕೆ ತುಂಬಾ ಜನ ದೊಡ್ಡವರು ಹಿಂಜರೀತಾರೆ, ದಯವಿಟ್ಟು ನೇರವಾಗಿ ಕೇಳಿ, ಕೇಳಿದ್ರಿಂದ ಮಕ್ಕಳ ತಲೆಗೆ ಆ ಯೋಚನೆ ಬರಲ್ಲ. ಹೌದು ಅಂದ್ರೆ ತಡ ಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ಬಹುದು. ಇವನಿಗೆ ಅಂಥದ್ದೇನೂ ಇರ್ಲಿಲ್ಲ. ಫಿಸಿಕ್ಸ್ ಪರ್ವಾಗಿಲ್ಲ, ಬಯಾಲಜಿ ಇಷ್ಟ. ಕೆಮಿಸ್ಟ್ರಿ ಅಂದ ಕೂಡ್ಲೇ ಕೈ ಬೆವರೋಕೆ ಶುರು.

ಸರಿ, ನೋಟ್ಸ್ ತೋರ್ಸು ಅಂದೆ. ನಾನೂ ಬಿಎಸ್ಸಿಲಿ ಕೆಮಿಸ್ಟ್ರಿ ಓದಿದವಳು, ಹಂಗಾಗಿ ನೋಡಿದ್ರೆ ಗೊತ್ತಾಯ್ತು. ಹೈಡ್ರೋಜನ್ನು ಆಕ್ಸಿಜನ್ನು ಸೇರಿ ನೀರಾಗೋ ಸಮೀಕರಣ ಸರಿದೂಗಿಸು ಅಂದ್ರೆ, ಬಲಗಡೆ ಆಕ್ಸಿಜನ್ ಒಂದು ಕಮ್ಮಿ ಇದೆ ಅಂತ ನೀರಿನ ಸೂತ್ರದಲ್ಲೇ ಆಕ್ಸಿಜನ್ ಕೆಳಗೆ ಚಿಕ್ಕ 2 ಸೇರಿಸಿಬಿಟ್ಟಿದ್ದ. ಲೆಕ್ಕ ಸರಿಹೋಯ್ತು, ಆದ್ರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯಕ್ಕೆ ಹಾಕಿದ್ರೆ ಬುಸು ಬುಸು ನೊರೆ ಬರುತ್ತಲ್ಲ ಅದು. ಇನ್ನೊಂದು ಪೇಜಲ್ಲಿ ಸಮೀಕರಣ ಸರಿ ಇತ್ತು, ಎರಡು ಹೈಡ್ರೋಜನ್, ಒಂದು ಆಕ್ಸಿಜನ್, ಎರಡು ನೀರು. ಅದರ ಕೆಳಗೆ ಪೆನ್ಸಿಲಲ್ಲಿ ಸಣ್ಣಕ್ಕೆ ಬರೆದಿದ್ದ: 2 ಗ್ರಾಂ + 1 ಗ್ರಾಂ = 2 ಗ್ರಾಂ?

ಇದೇನು ಅಂತ ಕೇಳಿದೆ. ತುಂಬಾ ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ. "ದ್ರವ್ಯರಾಶಿ ನಾಶ ಆಗಲ್ಲ ಅಂತ ಹೈಸ್ಕೂಲಲ್ಲಿ ಕಲ್ತಿದ್ವಿ ಮೇಡಂ. ಇಲ್ಲಿ 3 ಗ್ರಾಂ ಹಾಕಿದ್ರೆ 2 ಗ್ರಾಂ ಬರ್ತಿದೆ, ಒಂದು ಗ್ರಾಂ ಎಲ್ಲಿ ಹೋಯ್ತು ಅಂತ ಕ್ಲಾಸಲ್ಲಿ ಎದ್ದು ಕೇಳ್ದೆ. ಇಂಗ್ಲಿಷಲ್ಲಿ ಕೇಳೋಕೆ ಹೋಗಿ ಅರ್ಧ ಕನ್ನಡ ಆಯ್ತು. ಎಲ್ರೂ ನಗಾಡಿದ್ರು. ಸರ್‌ಗೂ ಪೋರ್ಷನ್ ಮುಗಿಸೋ ಗಡಿಬಿಡಿ, ಕೂತ್ಕೋ ಅಂದ್ರು."

ಆವತ್ತಿಂದ ಅವನು ಕೆಮಿಸ್ಟ್ರಿ ಕ್ಲಾಸಲ್ಲಿ ಬಾಯೇ ಬಿಟ್ಟಿಲ್ಲ.

ನಂಗೆ ನಿಜವಾಗ್ಲೂ ಸಂಕಟ ಆಯ್ತು. ಆ ಕ್ಲಾಸಲ್ಲಿ ಅವತ್ತು ಸರಿಯಾಗಿ ಯೋಚನೆ ಮಾಡ್ತಿದ್ದಿದ್ದೇ ಇವನು. ದ್ರವ್ಯರಾಶಿ ಸಂರಕ್ಷಣೆ ಅಂದ್ರೆ ಫ್ರೆಂಚ್ ವಿಜ್ಞಾನಿ ಲವೋಸಿಯೆ ತಕ್ಕಡಿ ಇಟ್ಕೊಂಡು ತೋರಿಸಿಕೊಟ್ಟಿದ್ದೂ ಅದನ್ನೇ, ಹಾಕಿದ ತೂಕ, ಬಂದ ತೂಕ ಒಂದೇ ಇರ್ಬೇಕು. ಇವನು ತಪ್ಪಿದ್ದು ಒಂದೇ ಕಡೆ, ಸಮೀಕರಣದ ಮುಂದಿರೋ ಅಂಕಿನ ಗ್ರಾಂ ಅಂದ್ಕೊಂಡಿದ್ದ. ಅದು ಎಣಿಕೆ. ಇಂಥ ಹುಡುಗನಿಗೆ ಹೆದರ್ಬೇಡ, ಕಾನ್ಫಿಡೆನ್ಸ್ ಇಟ್ಕೋ ಅಂತ ಎಷ್ಟು ಹೇಳಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಆ ಗ್ರಾಂ ಇನ್ನೂ ಸಿಕ್ಕಿಲ್ಲ.

ಅದಕ್ಕೆ ಮೊದಲು ಅದನ್ನೇ ಹುಡುಕಿದ್ವಿ. ದೇವಸ್ಥಾನಕ್ಕೆ ಒಂದು ಹಣ್ಣುಕಾಯಿ ಅಂದ್ರೆ ಏನೇನಪ್ಪಾ ಅಂದೆ. ಒಂದು ಕಾಯಿ ಎರಡು ಬಾಳೆಹಣ್ಣು ಅಂದ. ಹತ್ತು ಹಣ್ಣುಕಾಯಿಗೆ? ಹತ್ತು ಕಾಯಿ ಇಪ್ಪತ್ತು ಹಣ್ಣು. ಹಣ್ಣು ಡಬಲ್ ಇದೆ ಅಂತ ತೂಕಾನೂ ಡಬಲ್ಲಾ? ಇಲ್ಲ ಮೇಡಂ, ಕಾಯೇ ಭಾರ. ಹಂಗೇ ಇದೂನೂ. ಹೈಡ್ರೋಜನ್ ಪರಮಾಣು ತೂಕ 1 ಅಂದ್ರೆ ಆಕ್ಸಿಜನ್ನಿಂದು 16, ಎರಡರ ಅಣುಲೂ ಪರಮಾಣು ಎರಡೆರಡು. ಅಣುಗಳನ್ನ ಎಣಿಸೋ ಲೆಕ್ಕಕ್ಕೆ ಮೋಲ್ ಅಂತಾರೆ. ಎರಡು ಮೋಲ್ ಹೈಡ್ರೋಜನ್ 4 ಗ್ರಾಂ, ಒಂದು ಮೋಲ್ ಆಕ್ಸಿಜನ್ 32 ಗ್ರಾಂ, ಎರಡು ಮೋಲ್ ನೀರು 36 ಗ್ರಾಂ. ಅವನೇ ಕೂಡಿಸಿ ನೋಡಿದ, ಮತ್ತೊಂದ್ಸಲ ಕೂಡಿಸಿದ, "ಎಲ್ಲೂ ಹೋಗಿಲ್ಲ" ಅಂದ. ಮೋಲ್ ಅನ್ನೋದು ಡಜನ್ ಥರದ್ದೇ ಒಂದು ಎಣಿಕೆ, ಡಜನ್ 12 ಆದ್ರೆ ಇದು 6.022 ಗುಣಿಸು 10ರ ಘಾತ 23, ಅಷ್ಟೇ ವ್ಯತ್ಯಾಸ ಅಂದಾಗ ಮೊದಲ ಸಲ ತಲೆ ಎತ್ತಿ ನೋಡಿದ.

ಎರಡನೇ ಭೇಟಿಗೆ ಬಂದಾಗ ಕೈಯೆಲ್ಲ ನೀಲಿ ಕಲೆ. ಶನಿವಾರ ಭಾನುವಾರ ಊರಿಗೆ ಹೋಗಿದ್ನಂತೆ, ಅಡಿಕೆಗೆ ಎರಡನೇ ಸಲ ಕೊಳೆ ರೋಗದ ಔಷಧಿ ಹೊಡಿಯೋದಿತ್ತು, ಕೊನೆಗೌಡ ಮರ ಹತ್ತಿದ್ರೆ ಕೆಳಗೆ ಬೋರ್ಡೋ ದ್ರಾವಣ ಕದಡೋದು ಇವನ ಕೆಲಸ, ಆರನೇ ಕ್ಲಾಸಿಂದ ಮಾಡ್ತಿದಾನೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ ಸುಣ್ಣದ ನೀರಿಗೆ ಮೈಲುತುತ್ತದ ನೀರು ಹಾಕೋದು. ಆಮೇಲೆ ಅಪ್ಪಯ್ಯ ಕತ್ತಿ ಅದ್ದಿ ನೋಡ್ತಾರೆ, ಕೆಂಪಗೆ ಹಿಡಿದ್ರೆ ಸುಣ್ಣ ಸಾಲಲಿಲ್ಲ ಅಂತ ಇನ್ನೊಂದಿಷ್ಟು ಹಾಕ್ತಾರೆ. ಇದನ್ನೆಲ್ಲ ಅವನು ಒಂದೇ ಉಸಿರಿಗೆ ಹೇಳಿದ, ಬೆವರಿಲ್ಲ, ತೊದಲಿಲ್ಲ.

ಆ ಕತ್ತಿ ಮೇಲೆ ಕೆಂಪಗೆ ಹಿಡಿಯೋದು ಏನು ಗೊತ್ತಾ ಅಂದೆ. ಯೋಚನೆ ಮಾಡಿ, "ತಾಮ್ರ! ಹತ್ತನೇ ಕ್ಲಾಸಲ್ಲಿ ಕಬ್ಬಿಣದ ಮೊಳೆ ಅದ್ದಿ ಮಾಡಿದ್ವಲ್ಲ ಅದೇ" ಅಂದ. ಕಬ್ಬಿಣ ಕರಗಿ ತಾಮ್ರನ ಹೊರಗೆ ಹಾಕುತ್ತೆ, ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ಇದ್ರೆ ಮಾತ್ರ. ಸರಿ ಲೆಕ್ಕ ಹಾಕೋಣ ಅಂತ ಕೂತ್ವಿ. ಒಂದು ಮೋಲ್ ತಾಮ್ರದ ಸಲ್ಫೇಟಿಗೆ ಒಂದು ಮೋಲ್ ಅರಳಿದ (ನೀರು ಹಾಕಿದ) ಸುಣ್ಣ. ಮೈಲುತುತ್ತದ ಹರಳಲ್ಲಿ ಐದು ನೀರಿನ ಅಣುನೂ ಇರೋದ್ರಿಂದ ಒಂದು ಮೋಲ್ ಹೆಚ್ಚುಕಮ್ಮಿ 250 ಗ್ರಾಂ, ಅಂದ್ರೆ 1 ಕೆಜಿಲಿ 4 ಮೋಲ್. ಅರಳಿದ ಸುಣ್ಣ ಒಂದು ಮೋಲ್ 74 ಗ್ರಾಂ, ನಾಲ್ಕಕ್ಕೆ 296 ಗ್ರಾಂ. ಇನ್ನೂ ನೀರು ಹಾಕದ ಸುಟ್ಟ ಸುಣ್ಣ ಆದ್ರೆ ಒಂದು ಮೋಲ್ 56 ಗ್ರಾಂ, ನಾಲ್ಕಕ್ಕೆ 224 ಗ್ರಾಂ ಸಾಕು. ಹುಡುಗ ಹೌಹಾರಿದ, "ಮತ್ತೆ ಅಪ್ಪಯ್ಯ 1 ಕೆಜಿ ಯಾಕೆ ಹಾಕ್ತಾರೆ?"

ಅದೂ ಒಳ್ಳೆ ಪ್ರಶ್ನೆನೇ. ಲೆಕ್ಕದಲ್ಲಿರೋದು ಶುದ್ಧ ಸುಣ್ಣ, ಅಂಗಡಿಲಿ ಸಿಗೋದು ಹಂಗಿರಲ್ಲ, ಗಾಳಿಗೆ ಬಿಟ್ರೆ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಸುಣ್ಣದಕಲ್ಲಿನ ಥರ ಆಗಿಬಿಡುತ್ತೆ. ಡ್ರಮ್ಮಲ್ಲಿ ನಡಿಯೋ ಕ್ರಿಯೆನೂ ನಾವು ಬರೆದ ಒಂದು ಸಾಲಿನಷ್ಟು ಸರಳ ಇಲ್ಲ. ಸುಣ್ಣ ಕಮ್ಮಿ ಆಗಿ ತಾಮ್ರ ಹಂಗೇ ಉಳಿದ್ರೆ ಸೋಗೆ, ಕಾಯಿ ಸುಟ್ಟು ಹೋಗುತ್ತೆ, ಜಾಸ್ತಿ ಆದ್ರೆ ಅಂಥ ನಷ್ಟ ಇಲ್ಲ. (ಓದ್ತಿರೋ ತೋಟದವರು ಈ 224 ನೋಡಿ ಸುಣ್ಣ ಕಮ್ಮಿ ಮಾಡ್ಬೇಡಿ, ಮಾಡ್ತಿರೋದೇ ಸರಿ ಇದೆ.) ಇಲ್ಲಿ ಮೊದಲು ಮುಗಿಯೋದು ಮೈಲುತುತ್ತ, ಅದನ್ನೇ ನಿಮ್ಮ ಟೆಕ್ಸ್ಟಲ್ಲಿ ಲಿಮಿಟಿಂಗ್ ರಿಯೇಜೆಂಟ್ ಅನ್ನೋದು ಅಂದೆ. ಆರು ಕಾಯಿ ಇಪ್ಪತ್ತು ಹಣ್ಣಿದ್ರೆ ಎಷ್ಟು ಹಣ್ಣುಕಾಯಿ ಆಗುತ್ತೋ ಹಂಗೆ ಅಂತ ಅವನೇ ಸೇರಿಸಿದ.

ಇನ್ನು ನಾನು ಕೊಟ್ಟ ಸಲಹೆ. ಹುಡುಗನಿಗೆ ಹೇಳಿದ್ದು ಇಷ್ಟು: ಯಾವ ಲೆಕ್ಕ ಬಂದ್ರೂ ಮೊದಲು ಏನು ಏನರ ಜೊತೆ ಸೇರಿ ಏನಾಗ್ತಿದೆ ಅಂತ ಕನ್ನಡದಲ್ಲೇ ಒಂದು ಸಾಲು ಬರಿ, ನಾಚ್ಕೋಬೇಡ, ಆಮೇಲೆ ಸೂತ್ರ ಬರಿ. ಸೂತ್ರ ಬರೆದ ಮೇಲೆ ಅದರೊಳಗಿನ ಚಿಕ್ಕ ಅಂಕಿ ಮುಟ್ಲೇಬಾರ್ದು, ಮುಂದಿನ ಅಂಕಿ ಮಾತ್ರ ಬದಲಾಯಿಸ್ಬೇಕು. ಗ್ರಾಂ ಕೊಟ್ರೆ ಮೋಲ್ ಮಾಡು, ಸಮೀಕರಣದ ಎಣಿಕೆ ನೋಡು, ವಾಪಸ್ ಗ್ರಾಂ ಮಾಡು. ಕೊನೆಗೆ ನಿನ್ನದೇ ಪ್ರಶ್ನೆ ಕೇಳ್ಕೋ, ಒಂದು ಗ್ರಾಂ ಎಲ್ಲಾದ್ರೂ ಹೋಯ್ತಾ ಅಂತ. ಟೆಸ್ಟಲ್ಲಿ ಕೈ ನಡುಗೋಕೆ ಶುರುವಾದ್ರೆ ಪೆನ್ ಕೆಳಗಿಟ್ಟು, ಉಸಿರು ತಗೊಳೋದಕ್ಕಿಂತ ಬಿಡೋದು ನಿಧಾನ ಮಾಡಿ ಐದಾರು ಸಲ ಉಸಿರಾಡು, ಆಮೇಲೆ ಆ ಕನ್ನಡದ ಸಾಲಿಂದ ಶುರು ಮಾಡು.

ತಾಯಿಗೆ ಹೇಳಿದ್ದು, ಹೊಟ್ಟೆನೋವು ನಾಟಕ ಅಲ್ಲ, ಹೆದರಿಕೆಗೆ ಹೊಟ್ಟೆ ನಿಜವಾಗ್ಲೂ ನೋಯುತ್ತೆ, ಆದ್ರೆ ಬುಧವಾರ ಮನೆಗೆ ಕರ್ಕೊಂಡು ಹೋಗೋದು ನಿಲ್ಸಿ, ತಪ್ಪಿಸಿದಷ್ಟೂ ಹೆದರಿಕೆ ಬಲೀತಾ ಹೋಗುತ್ತೆ. ಕಾಮರ್ಸ್ ವಿಷಯ ಈಗ ಬೇಡ. ಅವನಿಗೇ ಇಷ್ಟ ಇದ್ರೆ ಕಾಮರ್ಸೂ ಒಳ್ಳೇದೇ, ಆದ್ರೆ ಒಂದು ದಿನದ ಅವಮಾನಕ್ಕೆ ಹೆದರಿ ಬೇಡ. ಅವರು ಕಣ್ಣೊರೆಸ್ಕೊಂಡು, "ನಾವು ದಡ್ಡ ಅಂದ್ಬಿಟ್ವಲ್ಲ ಮೇಡಂ" ಅಂದ್ರು.

ಲೆಕ್ಚರರ್ ಹತ್ರ ನಾನೇ ಮಾತಾಡ್ಲಾ ಅಂದ್ರೆ ಹುಡುಗ ಬೇಡ ಅಂದ. ಹಂಗಾದ್ರೆ ಆ ಪ್ರಶ್ನೆ, ಉತ್ತರ ಎರಡೂ ಒಂದು ಹಾಳೆಲಿ ಬರ್ದು, ಕ್ಲಾಸ್ ಬಿಟ್ಮೇಲೆ ನೀನೇ ತೋರ್ಸಿ ಸರಿನಾ ಸರ್ ಅಂತ ಕೇಳು ಅಂದೆ. ಎರಡು ವಾರ ಜೇಬಲ್ಲೇ ಇಟ್ಕೊಂಡು ಓಡಾಡಿದ. ಮೂರನೇ ವಾರ ಕೊಟ್ಟನಂತೆ. ಅವರು ನಿಂತು ಪೂರ್ತಿ ಓದಿ, ಇದನ್ನ ಅವತ್ತೇ ಯಾಕೆ ಬಂದು ಹೇಳ್ಲಿಲ್ಲ ಮಾರಾಯ ಅಂದ್ರಂತೆ.

ಆಮೇಲಿನ ಟೆಸ್ಟಲ್ಲಿ 6 ಗ್ರಾಂ ಮೆಗ್ನೀಸಿಯಂ ಪೂರ್ತಿ ಉರಿದ್ರೆ ಎಷ್ಟು ಆಕ್ಸೈಡ್ ಅಂತ ಬಂದಿತ್ತು. ಹಳೇ ಲೆಕ್ಕದಲ್ಲಾದ್ರೆ 6 ಅಂತಲೇ ಬರೀತಿದ್ದ. ಈ ಸಲ 10 ಗ್ರಾಂ ಬರ್ದು, ಪಕ್ಕದಲ್ಲಿ ಪೆನ್ಸಿಲಲ್ಲಿ 6 + 4 = 10 ಅಂತ ಹಾಕಿದ್ದ, ನಂಗೆ ಪೇಪರ್ ತಂದು ತೋರಿಸಿದ. ಆ ಬುಧವಾರನೂ ಬೆಳಿಗ್ಗೆ ಹೊಟ್ಟೆ ನೋಯ್ತಂತೆ, ಆದ್ರೂ ಹೋಗಿ ಬರೆದಿದಾನೆ. ಲಿಮಿಟಿಂಗ್ ರಿಯೇಜೆಂಟ್ ಲೆಕ್ಕದಲ್ಲಿ ಇನ್ನೂ ಒಂದೊಂದ್ಸಲ ಯಾವುದು ಮೊದಲು ಮುಗಿಯುತ್ತೆ ಅಂತ ತಪ್ಪುತ್ತೆ. ದಸರಾ ರಜೆ ಮುಗಿಸ್ಕೊಂಡು ಬಂದ್ಮೇಲೆ ಮತ್ತೆ ಬಾ ಅಂದಿದೀನಿ.