ಉಪಾಸ್ ಮರದ ನೆರಳಿಗೆ ಹೋದರೆ ಸಾವು ಖಚಿತವೇ?

ಪ್ರಶ್ನೆ: ಇಂಗ್ಲಿಷ್ ನಿಘಂಟೊಂದರಲ್ಲಿ ‘ಉಪಾಸ್’ ಎಂಬ ಪದ ಸಿಕ್ಕಿತು. ‘ಜಾವಾ ದ್ವೀಪದ ವಿಷವೃಕ್ಷ’ ಎಂಬ ಅರ್ಥದ ಜೊತೆಗೆ ‘ಸುತ್ತಲಿನದನ್ನೆಲ್ಲ ಹಾಳುಗೆಡಹುವ ಶಕ್ತಿ’ ಎಂಬ ಅರ್ಥವೂ ಅಲ್ಲಿತ್ತು. ಈ ಮರದ ಸುತ್ತ ಮೈಲುಗಟ್ಟಲೆ ಒಂದು ಜೀವಿಯೂ ಬದುಕುವುದಿಲ್ಲ ಎಂದು ಬೇರೆಡೆ ಓದಿದೆ. ಇದು ನಿಜವೇ? ಹೆಸರಿನ ಮೂಲಾರ್ಥವೇನು? ಇದೇ ಮರ ಪಶ್ಚಿಮ ಘಟ್ಟದಲ್ಲೂ ಇದೆಯಂತೆ, ಮುಟ್ಟಿದರೆ ಅಪಾಯವೇ?

ಉತ್ತರ: ಮರ ಇರುವುದು ನಿಜ, ಅದರ ಹಾಲಿನಲ್ಲಿ ಕೊಲ್ಲುವ ವಿಷ ಇರುವುದೂ ನಿಜ. ಮೈಲುಗಟ್ಟಲೆ ಸಾವು ಹರಡುತ್ತದೆ ಎಂಬುದು ಮಾತ್ರ ಶುದ್ಧ ಸುಳ್ಳು. ಆ ಸುಳ್ಳಿನ ಬೇರು ಹೆಸರಿನಲ್ಲೇ ಇರುವುದರಿಂದ ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಜಾವಾ ಭಾಷೆಯಲ್ಲೂ ಮಲಯ ಭಾಷೆಯಲ್ಲೂ ‘ಉಪಾಸ್’ ಎಂದರೆ ವಿಷ, ಅಷ್ಟೆ. ‘ಪೊಹೊನ್ ಉಪಾಸ್’ ಎಂದಾಗ ಮಾತ್ರ ಅದು ವಿಷದ ಮರ. ಜಾವಾದ ಜನ ಈ ಮರಕ್ಕೆ ಇಟ್ಟ ಹೆಸರು ‘ಆಂಚಾರ್’. ಆಂಟಿಯಾರಿಸ್ ಟಾಕ್ಸಿಕೇರಿಯ ಎಂಬ ಸಸ್ಯಶಾಸ್ತ್ರೀಯ ಹೆಸರಿನ ಮೊದಲ ಭಾಗ ಬಂದದ್ದು ಅದರಿಂದಲೇ. ಎರಡನೆಯ ಭಾಗದ ಮೂಲ ಗ್ರೀಕ್: ‘ಟಾಕ್ಸೊನ್’ ಎಂದರೆ ಬಿಲ್ಲು, ಬಾಣಕ್ಕೆ ಸವರುವ ವಿಷ ‘ಟಾಕ್ಸಿಕೊನ್’. ಮಲಯ ಪರ್ಯಾಯ ದ್ವೀಪದಲ್ಲಿ ಇದೇ ಮರ ‘ಇಪೊ’. ಮಲೇಷ್ಯಾದ ಪೆರಾಕ್ ರಾಜ್ಯದ ಇಪೊ ನಗರಕ್ಕೆ ಈ ಮರದ ಹೆಸರೇ ನಿಂತಿದೆ. ಚೀನೀಯರು ಇದನ್ನು ‘ರಕ್ತ ಕಂಡರೆ ಗಂಟಲು ಮುಚ್ಚುವುದು’ ಎನ್ನುತ್ತಾರೆ. ಎಲ್ಲಕ್ಕಿಂತ ನಿಖರವಾದ ಹೆಸರು ಇದೇ ಎಂದು ನನಗನ್ನಿಸುತ್ತದೆ. ವಿಷ ಕೆಲಸ ಮಾಡಬೇಕಾದರೆ ರಕ್ತಕ್ಕೆ ಸೇರಬೇಕು ಎಂಬ ತಿಳಿವಳಿಕೆ ಅದರಲ್ಲಿದೆ.

‘ಉಪಾಸ್’ ಪದದ ಹರವು ಮರಕ್ಕೆ ನಿಲ್ಲುವುದಿಲ್ಲ. ಮಧ್ಯ ಜಾವಾದ ಡಿಯೆಂಗ್ ಪ್ರಸ್ಥಭೂಮಿಯಲ್ಲಿ ಒಣಹವೆಯ ತಿಂಗಳುಗಳಲ್ಲಿ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಆಲೂಗಡ್ಡೆ ಬೆಳೆ ಸುಟ್ಟಂತಾಗುತ್ತದೆ. ರೈತರು ಅದನ್ನು ‘ಬುನ್ ಉಪಾಸ್’, ಅಂದರೆ ವಿಷದ ಇಬ್ಬನಿ, ಎಂದು ಕರೆಯುತ್ತಾರೆ. ರಬ್ಬರ್ ಗಿಡದ ಕೊಂಬೆಗಳನ್ನು ಒಣಗಿಸುವ ಒಂದು ಶಿಲೀಂಧ್ರ ‘ಜಾಮುರ್ ಉಪಾಸ್’. ಬಂಡುಂಗ್ ಬಳಿಯ ತಂಕುಬಾನ್ ಪೆರಾಹು ಜ್ವಾಲಾಮುಖಿಯ ಒಂದು ಬಾಯಿ ‘ಕಾವಾ ಉಪಾಸ್’. ಡಿಯೆಂಗ್‌ನಲ್ಲೇ ‘ಗುವೊ ಉಪಾಸ್’ ಎಂಬ ತಗ್ಗು ಇದೆ. (ಇಂಡೊನೇಷ್ಯಾದ ನಿಘಂಟಿನಲ್ಲಿ ಕಚೇರಿ ಕಾವಲುಗಾರ ಎಂಬ ಅರ್ಥದ ಇನ್ನೊಂದು ‘ಉಪಾಸ್’ ಸಿಗುತ್ತದೆ. ಅದು ಡಚ್ ಭಾಷೆಯಿಂದ ಬಂದದ್ದು, ವಿಷಕ್ಕೂ ಅದಕ್ಕೂ ನಂಟಿಲ್ಲ.)

ಈ ಗುವೊ ಉಪಾಸ್ ಎಂಬ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಡಿಯೆಂಗ್ ಇಡೀ ಜ್ವಾಲಾಮುಖಿಗಳ ನೆಲ. ಅಲ್ಲಿನ ಬಿರುಕುಗಳಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ಬೀಸದ ಹೊತ್ತಿನಲ್ಲಿ ತಗ್ಗುಗಳಲ್ಲಿ ನೀರಿನಂತೆ ತುಂಬಿ ನಿಲ್ಲುತ್ತದೆ, ಇಳಿದ ಪ್ರಾಣಿ ಮೇಲೇಳುವುದಿಲ್ಲ. ಇದು ಹಳೆಯ ಕಾಲದ ಮಾತಲ್ಲ. 1979ರ ಫೆಬ್ರವರಿಯಲ್ಲಿ ಅಲ್ಲಿನ ಸಿನಿಲಾ ಕುಂಡ ಸ್ಫೋಟಿಸಿದಾಗ, ಜೀವ ಉಳಿಸಿಕೊಳ್ಳಲು ಓಡುತ್ತಿದ್ದ ಹಳ್ಳಿಗರು ದಾರಿಯಲ್ಲಿ ಈ ಅನಿಲಕ್ಕೆ ಸಿಕ್ಕಿ 140ಕ್ಕೂ ಹೆಚ್ಚು ಜನ ಸತ್ತರು.

ಈಗ ಇನ್ನೂರು ವರ್ಷ ಹಿಂದಕ್ಕೆ ಹೋಗೋಣ. 1783ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಮಾಸಪತ್ರಿಕೆಯಲ್ಲಿ ಫೋರ್ಶ್ ಎಂಬಾತನ ಲೇಖನ ಪ್ರಕಟವಾಯಿತು. ತಾನು ಡಚ್ ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯನೆಂದು ಆತ ಹೇಳಿಕೊಂಡಿದ್ದ. ಜಾವಾದಲ್ಲಿ ಒಂದು ಉಪಾಸ್ ಮರವಿದೆ, ಸುತ್ತ ಹದಿನೈದು ಹದಿನೆಂಟು ಮೈಲು ಮನುಷ್ಯನಿಲ್ಲ, ಪ್ರಾಣಿಯಿಲ್ಲ, ನೀರಿನಲ್ಲಿ ಮೀನೂ ಇಲ್ಲ ಎಂದು ಬರೆದ. ಮರಣದಂಡನೆಗೆ ಗುರಿಯಾದವರನ್ನು ವಿಷ ತರಲು ಕಳಿಸುತ್ತಾರೆ, ಕಣ್ಣಿನ ಜಾಗದಲ್ಲಿ ಗಾಜು ಕೂರಿಸಿದ ಚರ್ಮದ ಮುಸುಕು ತೊಟ್ಟು, ಗಾಳಿಯನ್ನು ಬೆನ್ನಿಗೆ ಮಾಡಿಕೊಂಡು ಅವರು ಹೋಗುತ್ತಾರೆ, ಇಪ್ಪತ್ತರಲ್ಲಿ ಇಬ್ಬರೂ ಮರಳುವುದು ಅಪರೂಪ ಎಂದ. ಇಂಗ್ಲೆಂಡ್ ಇದನ್ನು ನಂಬಿತು. ಎರಾಸ್ಮಸ್ ಡಾರ್ವಿನ್ 1789ರಲ್ಲಿ ತನ್ನ ಸಸ್ಯಕಾವ್ಯದೊಳಗೆ ಈ ಮರವನ್ನು ತಂದ ಮೇಲಂತೂ ಕಥೆಗೆ ಮುದ್ರೆ ಬಿತ್ತು. 1828ರಲ್ಲಿ ಪುಷ್ಕಿನ್ ಈ ಮರದ ಮೇಲೆ ರಷ್ಯನ್ ಕವನ ಬರೆದಾಗ ಇಟ್ಟ ಶೀರ್ಷಿಕೆ ‘ಅಂಚಾರ್’. ಹೆಸರನ್ನು ಸರಿಯಾಗಿ ಹಿಡಿದರೂ ಕಥೆ ಮಾತ್ರ ಅದೇ.

ವಿಷಕ್ಕೆಲ್ಲ ‘ಉಪಾಸ್’ ಎನ್ನುವ ನಾಡಿನಲ್ಲಿ ಬಾಣಕ್ಕೆ ಸವರುವ ಮರದ ಹಾಲೂ ಉಪಾಸ್, ಪ್ರಾಣಿಗಳ ಎಲುಬು ಬಿದ್ದಿರುವ ಕಣಿವೆಯೂ ಉಪಾಸ್. ಹೊರಗಿನವರ ಕಿವಿಯಲ್ಲಿ ಎರಡೂ ಒಂದಾಗಿ, ಕಣಿವೆಯ ಸಾವುಗಳು ಮರದ ತಲೆಗೆ ಬಂದವು. ಜ್ವಾಲಾಮುಖಿಯ ಅನಿಲಕ್ಕೂ ಈ ಕಥೆಗೂ ಇರುವ ನಂಟನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಲಾಗಿತ್ತು. ಆದರೂ ಕಥೆ ಸಾಯಲಿಲ್ಲ. ನಿಮ್ಮ ನಿಘಂಟಿನ ಎರಡನೆಯ ಅರ್ಥ ಅದರ ಪಳೆಯುಳಿಕೆ. 1868ರಲ್ಲಿ ಬ್ರಿಟನ್ನಿನ ರಾಜಕಾರಣಿ ಗ್ಲಾಡ್‌ಸ್ಟನ್ ಐರ್ಲೆಂಡಿನ ಮೇಲಿನ ಪ್ರಾಟೆಸ್ಟಂಟ್ ಮೇಲಾಧಿಪತ್ಯವನ್ನು ಮೂರು ಕೊಂಬೆಗಳ ಉಪಾಸ್ ಮರವೆಂದು ಭಾಷಣದಲ್ಲಿ ಕರೆದಾಗ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಮರದ ಬಳಿ ಹೋಗಿ ನೋಡಿದವರು ಏನು ಕಂಡರು? ಫ್ರೆಂಚ್ ಸಸ್ಯವಿಜ್ಞಾನಿ ಲೆಶನೋ 1803ರಿಂದ 1806ರವರೆಗೆ ಜಾವಾದಲ್ಲಿದ್ದ. 1810ರಲ್ಲಿ ಅವನು ಪ್ರಕಟಿಸಿದ ವರದಿ ನನಗೆ ಬಹಳ ಮೆಚ್ಚಿಗೆಯಾದದ್ದು, ಏಕೆಂದರೆ ಅದರಲ್ಲಿ ಹೆದರಿಕೆಯೂ ಇಲ್ಲ, ಉಡಾಫೆಯೂ ಇಲ್ಲ. ಹೂವಿರುವ ರೆಂಬೆ ತರಲೆಂದು ಅವನು ಒಬ್ಬ ಜಾವಾ ಮನುಷ್ಯನನ್ನು ಮರ ಹತ್ತಿಸಿದ. ಕಾಂಡದಲ್ಲಿ ಕಚ್ಚು ಹಾಕುತ್ತ ಸ್ವಲ್ಪ ದೂರ ಏರುವಷ್ಟರಲ್ಲೇ ಆತನಿಗೆ ಸಂಕಟವಾಗಿ ಇಳಿಯಬೇಕಾಯಿತು. ಮೈ ಊದಿಕೊಂಡು, ತಲೆ ಸುತ್ತು ವಾಂತಿಗಳಿಂದ ಆತ ಕೆಲವು ದಿನ ನರಳಿದ. ಇನ್ನೊಬ್ಬ ಹತ್ತಿದವನು ತುದಿಯವರೆಗೆ ಹೋಗಿ ಬಂದರೂ ಏನೂ ಆಗಲಿಲ್ಲ. ಮರ ಕಡಿಸಿ ಮುರಿದ ಕೊಂಬೆಗಳ ನಡುವೆ ಲೆಶನೋ ತಾನೇ ಓಡಾಡಿದ. ಕೈಗೆ ಮುಖಕ್ಕೆ ಹಾಲು ಸಿಡಿದಾಗ ಕೂಡಲೇ ತೊಳೆದುಕೊಂಡ, ತೊಂದರೆಯಾಗಲಿಲ್ಲ. ಕಾಂಡದ ಮೇಲೆ ಹಲ್ಲಿಗಳನ್ನು, ಕೊಂಬೆಗಳಲ್ಲಿ ಕುಳಿತ ಹಕ್ಕಿಗಳನ್ನು ಕಂಡದ್ದನ್ನೂ ಬರೆದಿಟ್ಟ.

ವಿಷದ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. ಹಲಸು, ಅತ್ತಿ, ಹಿಪ್ಪುನೇರಳೆಗಳ ಕುಟುಂಬಕ್ಕೆ ಸೇರಿದ ಈ ಮರದ ಹಾಲಿನಲ್ಲಿ ಆಂಟಿಯಾರಿನ್ ಎಂಬ ರಾಸಾಯನಿಕಗಳಿವೆ. ಕಣಗಿಲೆಯ ವಿಷವೂ ಇದೇ ಜಾತಿಯದು. ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆಳೆಯುವ ಪಂಪನ್ನು ಇವು ತಡೆಯುತ್ತವೆ. ಬಡಿತ ಲಯ ತಪ್ಪಿ ಹೃದಯ ನಿಲ್ಲುತ್ತದೆ. ಕರುಳು ಈ ವಿಷವನ್ನು ಹೀರಿಕೊಳ್ಳುವುದು ತೀರ ಕಡಿಮೆ. ಅದಕ್ಕೇ ಬೋರ್ನಿಯೊದ ಪೆನಾನ್ ಜನ ಊದುಕೊಳವೆಯ ಬಾಣದ ತುದಿಗೆ ಇದನ್ನು ಸವರಿ ಹೊಡೆದ ಪ್ರಾಣಿಯ ಮಾಂಸವನ್ನು ತಿನ್ನಬಲ್ಲರು. ಜಾವಾದಲ್ಲಿ ಬಾಣಕ್ಕೆ ಬಳಸುತ್ತಿದ್ದ ಇನ್ನೊಂದು ‘ಉಪಾಸ್’ ಇತ್ತು. ಅದು ಕಾಸರಕದ ಕುಲದ ಬಳ್ಳಿಯ ಬೇರಿನದು, ಹೃದಯವನ್ನಲ್ಲ, ನರಗಳನ್ನು ಹಿಡಿಯುವಂಥದ್ದು. ಎರಡೂ ಒಂದೇ ಅಲ್ಲವೆಂದು ಅಮೆರಿಕದ ವೈದ್ಯ ಥಾಮಸ್ ಹಾರ್ಸ್‌ಫೀಲ್ಡ್ ಜಾವಾದಲ್ಲೇ ಪ್ರಯೋಗ ಮಾಡಿ ವಿವರಿಸಿದ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹೌದು, ಇದೇ ಮರ ಪಶ್ಚಿಮ ಘಟ್ಟದ ಕಾಡುಗಳಲ್ಲಿದೆ. ಆಫ್ರಿಕದಿಂದ ಪೆಸಿಫಿಕ್ ದ್ವೀಪಗಳವರೆಗೂ ಹಬ್ಬಿದೆ. ಕನ್ನಡದಲ್ಲಿ ಅಜ್ಜನಪಟ್ಟೆ, ಮಲಯಾಳದಲ್ಲಿ ಮರವುರಿ. ‘ಮರವುರಿ’ ಎಂದರೆ ನಾರುಮಡಿ. ಜಾವಾದಲ್ಲಿ ವಿಷದ ಹೆಸರು ಹೊತ್ತ ಮರ ಇಲ್ಲಿ ಬಟ್ಟೆಯ ಹೆಸರು ಹೊತ್ತಿದೆ. ಇದರ ತೊಗಟೆಯಿಂದ ಹೊಲಿಗೆಯಿಲ್ಲದ ಚೀಲ ಮಾಡುತ್ತಿದ್ದ ಬಗೆ ಸೊಗಸಾದದ್ದು. ಚೀಲ ಎಷ್ಟು ಉದ್ದ ಬೇಕೋ ಅಷ್ಟು ಉದ್ದದ ತುಂಡು ಕಡಿದು, ನೆನೆಸಿ, ಒಳನಾರು ಮರದಿಂದ ಬಿಡಿಸಿಕೊಳ್ಳುವವರೆಗೆ ಸುತ್ತಲೂ ಬಡಿಯುತ್ತಿದ್ದರು. ಆಮೇಲೆ ತೊಗಟೆಯನ್ನು ಒಳಮಗ್ಗುಲು ಹೊರಗಾಗುವಂತೆ ಮಗುಚಿ ಕೆಳಗಿನವರೆಗೆ ಎಳೆದು, ಬರಿದಾದ ಮರವನ್ನು ಗರಗಸದಿಂದ ಕೊಯ್ದು, ತುದಿಯಲ್ಲಿ ಒಂದು ಬಿಲ್ಲೆಯಷ್ಟನ್ನು ಉಳಿಸುತ್ತಿದ್ದರು. ಆ ಬಿಲ್ಲೆಯೇ ಚೀಲದ ತಳ.

ಆದ್ದರಿಂದ ನೆರಳಲ್ಲಿ ಕೂರಲು, ಕಾಂಡ ಮುಟ್ಟಿ ನೋಡಲು ಹೆದರಬೇಕಿಲ್ಲ. ತೊಗಟೆಗೆ ಕಚ್ಚು ಹಾಕಬೇಡಿ, ಹಾಲು ಕೈಗೆ ತಾಗಿದರೆ ತಕ್ಷಣ ಚೆನ್ನಾಗಿ ತೊಳೆಯಿರಿ, ಗಾಯಕ್ಕೂ ಕಣ್ಣಿಗೂ ಸೋಕದಂತೆ ನೋಡಿಕೊಳ್ಳಿ. ಗಾಯಕ್ಕೆ ತಾಗಿ ವಾಂತಿ, ತಲೆಸುತ್ತು, ಎದೆಬಡಿತದ ಏರುಪೇರು ಕಂಡರೆ ಮನೆಮದ್ದಿಗೆ ಹೊತ್ತು ಕಳೆಯದೆ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಮರದ ಹೆಸರು ಗೊತ್ತಿಲ್ಲದಿದ್ದರೂ ‘ಕಣಗಿಲೆಯ ವಿಷದಂಥದ್ದು’ ಎಂದು ಹೇಳಿ. ವೈದ್ಯರು ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲು ಅಷ್ಟು ಸಾಕು.