ಇಂಟರ್‌ವ್ಯೂ ಆದಮೇಲೆ ಥ್ಯಾಂಕ್ಯೂ ನೋಟ್: ಕಳಿಸಿ, ಆದರೆ ಮಗನೇ ಬರೆಯಲಿ

ಅಮೆರಿಕದ ಬೋರ್ಡಿಂಗ್ ಸ್ಕೂಲ್‌ನಲ್ಲಿ ಮಗನಿಗೆ 9ನೇ ತರಗತಿಯ ಇಂಟರ್‌ವ್ಯೂ ಆಗಿ ಒಂದು ವಾರ ಆಯ್ತು, ಥ್ಯಾಂಕ್ಯೂ ನೋಟ್ ಕಳಿಸಬೇಕಾ, ಕಳಿಸದಿದ್ದರೆ ಸೀಟು ಹೋಗುತ್ತಾ ಅಂತ ಕೇಳಿದ್ದೀರಿ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಎರಡು ವರ್ಷದ ಹಿಂದೆ ಮಗಳಿಗಾಗಿ ನಾಲ್ಕು ಶಾಲೆ ಸುತ್ತಿದ್ದೆವು. ಆಗ ನನ್ನದೂ ಇದೇ ಆತಂಕ.

ಖಂಡಿತ ಕಳಿಸಿ, ಆದರೆ ಸೀಟಿಗಾಗಿ ಅಲ್ಲ. ಇಂಟರ್‌ವ್ಯೂ ಮಾಡಿದವರು ತಮಗೆ ಅನಿಸಿದ್ದನ್ನು ಸಾಮಾನ್ಯವಾಗಿ ಬೇಗನೇ ಬರೆದು ಫೈಲಿಗೆ ಸೇರಿಸಿಬಿಡುತ್ತಾರೆ. ಜೊತೆಗೆ ಅಂಕಪಟ್ಟಿ, ಇಂಗ್ಲಿಷ್ ಮತ್ತು ಗಣಿತದ ಟೀಚರುಗಳ ಪತ್ರ, ಪ್ರಬಂಧ, ಕೇಳಿದ ಕಡೆ ಎಸ್‌ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಸ್ಕೋರ್ ಇರುತ್ತದೆ. ತೀರ್ಮಾನ ಅದರ ಮೇಲೆ. ನೋಟ್ ಬರಲಿಲ್ಲ ಅಂತ ಯಾರೂ ಹೆಸರು ಹೊಡೆದುಹಾಕುವುದಿಲ್ಲ.

ಮತ್ತೆ ಯಾಕೆ ಬರೆಯಬೇಕು? ದೊಡ್ಡವರೊಬ್ಬರು ಅಷ್ಟು ಹೊತ್ತು ಕೂತು ನಿಮ್ಮ ಹುಡುಗನ ಮಾತನ್ನು ಗಮನವಿಟ್ಟು ಕೇಳಿದ್ದಾರೆ, ಅಲ್ವಾ? ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಥ್ಯಾಂಕ್ಸ್ ಹೇಳುವ ರೂಢಿ ಕಡಿಮೆ. "ಬರ್ತೀನಿ" ಅಂದರೆ ಅದರಲ್ಲೇ ಎಲ್ಲ ಬಂತು. ಇಲ್ಲಿ ಹಾಗಲ್ಲ, ಹೇಳಿಯೇ ಹೇಳಬೇಕು. ಅದನ್ನು ಅವನು ಈಗಲೇ ಕಲಿಯುವುದು ಒಳ್ಳೆಯದು.

ನಮ್ಮ ಮನೆಯಲ್ಲಿ ಮೊದಲು ನಾನೇ ಬರೆದುಕೊಟ್ಟೆ. ಮಗಳು ಓದಿ, "ಅಮ್ಮಾ, ಇದು ನಾನು ಮಾತಾಡೋ ಥರ ಇಲ್ಲ" ಅಂದಳು. ನಿಜ, ಇರಲಿಲ್ಲ. ಇಂಟರ್‌ವ್ಯೂನಲ್ಲಿ ಅವಳು ಅಜ್ಜಿ ಕಲಿಸಿದ ರಂಗೋಲಿಯ ಬಗ್ಗೆ ಹೇಳಿದ್ದಳು. ಚುಕ್ಕಿ ಲೆಕ್ಕ ಹೇಗೆ ಅಂತ ಅವರು ಕೇಳಿದಾಗ ತಡವರಿಸಿದ್ದಳಂತೆ. ಆ ರಾತ್ರಿ ಮೈಸೂರಿಗೆ ಫೋನ್ ಮಾಡಿ ಅಜ್ಜಿಯನ್ನೇ ಕೇಳಿದಳು. ನಡುವಿನ ಸಾಲಿಗೆ 15 ಚುಕ್ಕಿ. ಮೇಲಕ್ಕೂ ಕೆಳಕ್ಕೂ ಸಾಲಿಗೊಂದು ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸುವುದು. ಪ್ರತಿ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರಬೇಕು. ಒಟ್ಟು 169 ಅಂತ ಇವಳೇ ಕೂಡಿಸಿದಳು. ಅದನ್ನೇ ಬರೆದು, ಕೇಳಿದ್ದಕ್ಕೆ ಥ್ಯಾಂಕ್ಸ್ ಅಂತ ಸೇರಿಸಿ ಕಳಿಸಿದಳು. ಮಾರನೇ ದಿನವೇ ಉತ್ತರ ಬಂತು. ಅವರೂ ಕಾಗದದ ಮೇಲೆ ಚುಕ್ಕಿ ಇಟ್ಟು ನೋಡಿದರಂತೆ! ಆ ಶಾಲೆಯಲ್ಲಿ ಅವಳಿಗೆ ಸೀಟು ಸಿಗಲಿಲ್ಲ. ಆದರೆ ಆ ಈಮೇಲ್ ಅನ್ನು ಈಗಲೂ ಇಟ್ಟುಕೊಂಡಿದ್ದಾಳೆ.

ಕೈಬರಹದ ಕಾರ್ಡೇ ಆಗಬೇಕಿಲ್ಲ, ಈಮೇಲ್ ಸಾಕು. ಹೆಸರಿನ ಸ್ಪೆಲಿಂಗ್ ಮಾತ್ರ ಎರಡು ಸಲ ನೋಡಿ. ನಿಮ್ಮ ಜೊತೆ ಬೇರೆಯಾಗಿ ಮಾತಾಡಿದವರಿಗೆ ನೀವೂ ಎರಡು ಸಾಲು ಬರೆಯಿರಿ. ಶಾಲೆ ಸುತ್ತಿಸಿ ತೋರಿಸಿದ ವಿದ್ಯಾರ್ಥಿಯನ್ನೂ ಮರೆಯಬೇಡಿ, ಅಡ್ಮಿಷನ್ ಆಫೀಸಿಗೆ ಕಳಿಸಿದರೆ ತಲುಪಿಸುತ್ತಾರೆ. ಇಲ್ಲಿನ ಎಡಿಸನ್ ಊರಿನ ಇಂಡಿಯನ್ ಅಂಗಡಿಯಿಂದ ಒಂದು ಡಬ್ಬಿ ಮೈಸೂರುಪಾಕ್ ಕಳಿಸೋಣ ಅಂತ ಅನಿಸಬಹುದು. ದಯವಿಟ್ಟು ಬೇಡ. ಅರ್ಜಿ ಅವರ ಮೇಜಿನ ಮೇಲಿರುವಾಗ ಉಡುಗೊರೆ ಹೋದರೆ ಅವರಿಗೆ ಮುಜುಗರ.

ಒಂದು ವಾರ ಆಗಿದ್ದರೂ ಪರವಾಗಿಲ್ಲ. ಇಂಥ ಹೆಚ್ಚಿನ ಶಾಲೆಗಳ ಫಲಿತಾಂಶ ಬರುವುದು ಮಾರ್ಚ್ 10ಕ್ಕೆ. ಇವತ್ತು ಊಟ ಆದಮೇಲೆ ಮಗನನ್ನು ಕೂರಿಸಿಕೊಂಡು, ಆ ದಿನ ಯಾವ ಮಾತು ನೆನಪಲ್ಲಿ ಉಳೀತು ಅಂತ ಕೇಳಿ. ಅಲ್ಲಿಂದಲೇ ಶುರು ಮಾಡಲಿ.